ಹಲ್ಲಿನ ತಿರುಳಿನ ರೋಗನಿದಾನದ ಚರಿತ್ರೆ

೧

ಕೊಳೆತ ಹಲ್ಲನ್ನು ಕನ್ನಡದಲ್ಲಿ ಹುಳುಕುಹಲ್ಲೆಂದು ಕರೆಯುವುದು ವಾಡಿಕೆ. ಈ ಹೆಸರಿನೊಳಗೆ ಒಂದು ಹುಳುವಿದೆ. ಸಂಸ್ಕೃತದ ಕೃಮಿದಂತಕವೆಂಬ ಶಬ್ದದಲ್ಲಿಯೂ ಅದೇ ಹುಳುವಿದೆ. ಆದಕಾರಣ ಇವೆರಡೂ ಬರಿಯ ಹೆಸರುಗಳಲ್ಲ. ರೋಗದ ಕಾರಣವನ್ನು ಕುರಿತು ಹಿಂದಿನವರು ಮಾಡಿಕೊಂಡ ಒಂದು ನಿರ್ಣಯವೂ ಅವುಗಳಲ್ಲಿ ಅಡಗಿದೆ. ನಮ್ಮ ವೈದ್ಯಗ್ರಂಥಗಳಲ್ಲಿ 'ನಿದಾನ'ವೆಂಬ ಮಾತಿಗೆ ಕಾರಣವೆಂಬ ಅರ್ಥವೂ, ಲಕ್ಷಣಗಳ ಮೂಲಕ ರೋಗವನ್ನು ಗೊತ್ತುಮಾಡುವುದೆಂಬ ಅರ್ಥವೂ ಸಲ್ಲುತ್ತವೆ. ಹಲ್ಲಿನ ರೋಗದ ವಿಷಯದಲ್ಲಿ ಮೊದಲನೆಯ ಅರ್ಥದ ನಿದಾನವು ೧೯ನೆಯ ಶತಮಾನದ ಕೊನೆಗೆ ಬಹುಮಟ್ಟಿಗೆ ತೀರ್ಮಾನವಾಯಿತು. ಎರಡನೆಯ ಅರ್ಥದ ನಿದಾನವು ಇಂದಿಗೂ ಪೂರ್ಣವಾಗಿ ತೀರ್ಮಾನವಾಗಿಲ್ಲ. ಅದು ಏಕೆ ಹೀಗೆ ಉಳಿಯಿತು, ಜೀನುಗಳ ಅಭಿವ್ಯಕ್ತಿಯನ್ನು ಅಳೆಯುವ ಈಚಿನ ವಿಧಾನವು ಅದಕ್ಕೆ ಏನನ್ನು ಕೂಡಿಸಿದೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಷಯಕ್ಕೆ ಬರುವ ಮೊದಲು ಹಲ್ಲಿನ ರಚನೆಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ಹೊರಗೆ ಕಾಣುವ ಗಟ್ಟಿ ಹೊದಿಕೆ ಎನಾಮೆಲ್. ಅದರೊಳಗೆ ಡೆಂಟಿನ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ನಳಿಗೆಗಳಿಂದ ತುಂಬಿದ ಪದರ. ನಡುವೆ ರಕ್ತನಾಳಗಳೂ ನರಗಳೂ ಜೀವಕೋಶಗಳೂ ಕೂಡಿದ ಮೆತ್ತನೆಯ ತಿರುಳು. ದೇಹದ ಬೇರೆ ಕಡೆ ಉರಿಯೂತವಾದರೆ ಕೆಂಪು, ಬಾವು, ಬಿಸಿ ಇವುಗಳನ್ನು ಕಣ್ಣು ಕೈಗಳಿಂದಲೇ ಅರಿಯಬಹುದು. ಹಲ್ಲಿನ ತಿರುಳಾದರೋ ಗೋಡೆ ಕಟ್ಟಿದ ಕೋಣೆಯೊಳಗಿದೆ. ಅದರ ಕೆಂಪು ಕಾಣದು, ಬಾವಿಗೆ ಉಬ್ಬಲು ಎಡೆಯಿಲ್ಲ. ಉರಿಯೂತದ ಪ್ರಸಿದ್ಧ ಚಿಹ್ನೆಗಳಲ್ಲಿ ಹೊರಗೆ ಬಂದು ಮಾತನಾಡುವುದು ನೋವೊಂದೇ. ತಿರುಳಿನ ರೋಗನಿದಾನದ ಚರಿತ್ರೆಯೆಂದರೆ ನೋವೆಂಬ ಈ ಒಂದೇ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ವಿಚಾರದ ಚರಿತ್ರೆಯೇ ಸರಿ.

೨

ಹಲ್ಲುನೋವಿಗೆ ಹುಳುವೇ ಕಾರಣವೆಂಬ ನಂಬಿಕೆ ಅತಿ ಪ್ರಾಚೀನವಾದುದು. ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಲ್ಲಿ ದೊರೆತಿರುವ ಹಲ್ಲುನೋವಿನ ಮಂತ್ರವೊಂದು ಸೃಷ್ಟಿಯ ಕಥೆಯಿಂದ ಮೊದಲಾಗಿ, ಹುಳುವು ದೇವತೆಗಳು ಕೊಟ್ಟ ಹಣ್ಣನ್ನು ಬೇಡವೆಂದು ಹಲ್ಲು ವಸಡುಗಳ ನಡುವೆ ವಾಸವನ್ನು ಕೇಳಿಕೊಂಡಿತೆಂದು ಹೇಳುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ಬಾಯಿಗೆ ಹಿಡಿಸಿ ಹುಳುವನ್ನು ಬೀಳಿಸುವ ಕ್ರಮವನ್ನು ಬರೆದಿಟ್ಟನು. ನೆಲಗುಳ್ಳದ ಬೀಜದ ಹೊಗೆಯನ್ನು ಹಿಡಿಸುವ ಪದ್ಧತಿ ನಮ್ಮ ದೇಶದ ಹಳ್ಳಿಗಳಲ್ಲಿಯೂ ಉಂಟು. ದೂರದೂರದ ದೇಶಗಳಲ್ಲಿ ಒಂದೇ ಬಗೆಯ ನಂಬಿಕೆಯೂ ಒಂದೇ ಬಗೆಯ ಉಪಚಾರವೂ ಕಂಡುಬರುವುದು ಗಮನಿಸತಕ್ಕ ಸಂಗತಿ.

ಆದರೆ ನಮ್ಮ ಪ್ರಾಚೀನ ವೈದ್ಯರ ಮಾತನ್ನು ಈ ನಂಬಿಕೆಯ ಸಾಲಿಗೆ ಸೇರಿಸಿ ಮುಗಿಸುವುದು ನ್ಯಾಯವಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ ೧೬ನೆಯ ಅಧ್ಯಾಯವು ಮುಖರೋಗಗಳನ್ನು ಹೇಳುತ್ತದೆ. ಅಲ್ಲಿ ಹಲ್ಲಿನ ರೋಗಗಳು ಎಂಟು. ಅವುಗಳಲ್ಲಿ ನಮ್ಮ ವಿಷಯಕ್ಕೆ ಸೇರಿದವು ಎರಡು: ದಂತಹರ್ಷ ಮತ್ತು ಕೃಮಿದಂತಕ. ತಣ್ಣನೆಯದನ್ನೂ ಬಿಸಿಯದನ್ನೂ ಸ್ಪರ್ಶವನ್ನೂ ಹಲ್ಲು ತಾಳಲಾರದಿದ್ದರೆ ಅದು ದಂತಹರ್ಷ. ನಾವು ಹಲ್ಲು ಚಳಿಯಿತು, ಜುಮ್ಮೆಂದಿತು ಎಂದು ಹೇಳುವುದು ಇದನ್ನೇ. ಹಲ್ಲು ಕಪ್ಪಾಗಿ, ತೂತುಬಿದ್ದು, ಅಲುಗಾಡುತ್ತ, ಸ್ರಾವವೂ ಬಾವೂ ಉಳ್ಳದ್ದಾಗಿ, ಅನಿಮಿತ್ತವಾಗಿ ಮಹಾವೇದನೆಯನ್ನು ಕೊಡುತ್ತಿದ್ದರೆ ಅದು ಕೃಮಿದಂತಕ. ಹೆಸರಿನಲ್ಲಿ ಕೃಮಿಯಿದ್ದರೂ ಲಕ್ಷಣವಾಕ್ಯವು ಅದನ್ನು ವಾತದಿಂದಾದುದೆಂದೇ ಹೇಳುತ್ತದೆ.

ಇಲ್ಲಿ ಬಂದಿರುವ 'ಅನಿಮಿತ್ತ'ವೆಂಬ ವಿಶೇಷಣವು ಬಹಳ ಬೆಲೆಯುಳ್ಳದ್ದು. ತಣ್ಣೀರು ತಾಗಿದಾಗ ಬಂದು, ನೀರು ಹೋದೊಡನೆ ಹೋಗುವ ನೋವಿಗೆ ನಿಮಿತ್ತವಿದೆ. ಏನೂ ತಾಗದಿದ್ದರೂ ನಡುರಾತ್ರಿಯಲ್ಲಿ ತಾನಾಗಿ ಎದ್ದು ಎಬ್ಬಿಸುವ ನೋವಿಗೆ ಹೊರಗಿನ ನಿಮಿತ್ತವಿಲ್ಲ. ಈ ಎರಡನ್ನೂ ಬೇರ್ಪಡಿಸುವುದೇ ಇಂದಿನ ದಂತವೈದ್ಯನೂ ರೋಗಿಯನ್ನು ಕೇಳುವ ಮೊದಲ ಪ್ರಶ್ನೆ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಹಲ್ಲಿನ ಮಜ್ಜೆ ಒಣಗಿ, ಟೊಳ್ಳಾದ ಹಲ್ಲಿನಲ್ಲಿ ಅನ್ನದ ಮಲ ತುಂಬಿ, ಅದು ಕೊಳೆತು ಸೂಕ್ಷ್ಮಕೃಮಿಗಳು ಹುಟ್ಟುತ್ತವೆಂದೂ, ತೀವ್ರವೇದನೆಯು ಹೇತುವಿಲ್ಲದೆ ಬರುವುದಲ್ಲದೆ ಹೇತುವಿಲ್ಲದೆ ಶಮನವೂ ಆಗುವುದೆಂದೂ ಅವನ ಮತ. ಮಜ್ಜೆಯೆಂದರೆ ಇಂದಿನ ತಿರುಳು, ಸೂಕ್ಷ್ಮಕೃಮಿಯೆಂದರೆ ಇಂದಿನ ಬ್ಯಾಕ್ಟೀರಿಯ ಎಂದು ಸಮೀಕರಿಸಲು ಕೆಲವರಿಗೆ ಆಸೆಯಾಗಬಹುದು. ಅದಕ್ಕೆ ಆಧಾರ ಸಾಲದು. ಶಬ್ದಸಾಮ್ಯದಿಂದ ವಸ್ತುಸಾಮ್ಯವನ್ನು ಊಹಿಸುವುದು ಅಪಾಯದ ದಾರಿ. ಆದರೆ ನೋವಿನ ಸ್ವಭಾವವನ್ನು ಕುರಿತ ಅವರ ಅವಲೋಕನವು ಯಾವ ಸಿದ್ಧಾಂತದ ಆಸರೆಯೂ ಇಲ್ಲದೆ ನಿಲ್ಲುವಂಥದು. ನೋವು ತಾನಾಗಿ ನಿಂತುಹೋದ ಮಾತ್ರಕ್ಕೆ ರೋಗವು ನಿಂತಿತೆಂದು ತಿಳಿಯಬಾರದೆಂಬ ಎಚ್ಚರಿಕೆಯೂ ಅದರಲ್ಲಿ ಸೂಚಿತವಾಗಿದೆ.

ಚಿಕಿತ್ಸೆಯಲ್ಲಿ ಸುಶ್ರುತನು ಕೃಮಿದಂತಕವನ್ನು ಅಚಲ, ಚಲ ಎಂದು ವಿಭಾಗಿಸುತ್ತಾನೆ. ಅಲುಗದ ಹಲ್ಲಿಗೆ ಸ್ವೇದನವನ್ನೂ ವಿಸ್ರಾವಣವನ್ನೂ ಮಾಡಿ ಉಳಿಸಿಕೊಳ್ಳಬೇಕು. ಅಲುಗುವ ಹಲ್ಲನ್ನು ಕಿತ್ತು ಆ ಸ್ಥಾನವನ್ನು ಸುಡಬೇಕು. ಎಂದರೆ, ನಿದಾನವು ಅವನಿಗೆ ಕೇವಲ ಹೆಸರಿಡುವ ಕೆಲಸವಾಗಿರಲಿಲ್ಲ. ಉಳಿಸಬೇಕೋ ಕೀಳಬೇಕೋ ಎಂಬ ಪ್ರಶ್ನೆಗೆ ಉತ್ತರವಾಗಿತ್ತು.

೩

ಯೂರೋಪಿನಲ್ಲಿ ಹುಳುವಿನ ನಂಬಿಕೆಯನ್ನು ಅಲುಗಿಸಿದ್ದು ಸೂಕ್ಷ್ಮದರ್ಶಕ. ೧೬೮೩ರಲ್ಲಿ ಡೆಲ್ಫ್ಟ್ ನಗರದ ಲೇವೆನ್‌ಹುಕ್ ತನ್ನ ಹಲ್ಲಿನ ಮೇಲಿನ ಬಿಳಿಯ ಕೊಳೆಯನ್ನು ತೆಗೆದು ನೋಡಿ, ಅದರಲ್ಲಿ ಚಲಿಸುವ ಅತಿಸಣ್ಣ ಜೀವಿಗಳಿವೆಯೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ೧೭೨೮ರಲ್ಲಿ ದಂತಶಸ್ತ್ರವೈದ್ಯದ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿನ ಪಿಯೆರ್ ಫೋಶಾರ್, ಹುಳುಕುಹಲ್ಲುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಜನರು ಹೇಳುವ ಹುಳುವು ತನಗೆ ಕಾಣಲಿಲ್ಲವೆಂದು ಹೇಳಿದನು. ಇವರಿಬ್ಬರ ಮಾತುಗಳನ್ನು ಒಂದು ಸಿದ್ಧಾಂತಕ್ಕೆ ತರಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ ೧೮೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಯಿಯ ಬ್ಯಾಕ್ಟೀರಿಯಗಳು ಪಿಷ್ಟ ಸಕ್ಕರೆಗಳನ್ನು ಹುಳಿಯಿಸಿ ಆಮ್ಲವನ್ನು ಹುಟ್ಟಿಸುತ್ತವೆ, ಆ ಆಮ್ಲವು ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದನು. ೧೮೯೪ರಲ್ಲಿ ರೋಗಗ್ರಸ್ತವಾದ ತಿರುಳಿನೊಳಗಿನ ಬ್ಯಾಕ್ಟೀರಿಯಗಳನ್ನು ವರ್ಣಿಸಿದವನೂ ಅವನೇ. ಹೀಗೆ ಕಾರಣವೆಂಬ ಅರ್ಥದ ನಿದಾನವು ನೆಲೆಗೊಂಡಿತು.

ಕಾರಣ ತಿಳಿದ ಮಾತ್ರಕ್ಕೆ ಇವನ ಈ ಹಲ್ಲಿನ ತಿರುಳು ಈ ಹೊತ್ತು ಯಾವ ಸ್ಥಿತಿಯಲ್ಲಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಹೊಸ ಉಪಕರಣಗಳನ್ನು ಹುಡುಕಿದರು. ೧೮೬೭ರಲ್ಲಿ ಫ್ರಾನ್ಸಿನ ಮಾಜಿಟೊ ಹಲ್ಲಿನ ಪರೀಕ್ಷೆಗೆ ವಿದ್ಯುತ್ತನ್ನು ಬಳಸುವ ಸೂಚನೆಯನ್ನು ಕೊಟ್ಟಿದ್ದನು. ೧೮೯೫ರ ಕೊನೆಯಲ್ಲಿ ರಂಟ್‌ಗೆನ್ ತನ್ನ ಕಿರಣಗಳನ್ನು ಪ್ರಕಟಪಡಿಸಿದನು. ೧೮೯೬ರ ಜನವರಿಯಲ್ಲಿಯೇ ಜರ್ಮನಿಯ ವಾಲ್ಕ್‌ಹೋಫ್ ತನ್ನ ಹಲ್ಲುಗಳ ಚಿತ್ರವನ್ನು ಆ ಕಿರಣಗಳಿಂದ ತೆಗೆದನು. ಇವೆರಡೂ ದೊಡ್ಡ ಉಪಕಾರಗಳು. ಆದರೆ ಇವುಗಳ ಮಿತಿಯನ್ನೂ ಹೇಳಬೇಕು. ಎಕ್ಸ್‌ರೇ ಗಟ್ಟಿ ವಸ್ತುವನ್ನು ತೋರಿಸುತ್ತದೆ; ಮೆತ್ತನೆಯ ತಿರುಳಿನ ಉರಿಯೂತವನ್ನು ತೋರಿಸುವುದಿಲ್ಲ. ಬೇರಿನ ತುದಿಯ ಮೂಳೆ ಸವೆದ ಮೇಲೆ ಆ ಸವೆತವು ಕಾಣುತ್ತದೆ. ವಿದ್ಯುತ್ತಿನ ಪರೀಕ್ಷೆಯಾಗಲಿ ತಣ್ಣನೆಯ ಪರೀಕ್ಷೆಯಾಗಲಿ ನರವು ಪ್ರತಿಕ್ರಿಯೆ ಕೊಡುತ್ತದೆಯೇ ಇಲ್ಲವೇ ಎಂಬುದನ್ನು ಹೇಳುತ್ತದೆ. ರಕ್ತಸಂಚಾರ ಹೇಗಿದೆ, ಉರಿಯೂತ ಎಷ್ಟು ಒಳಕ್ಕೆ ಇಳಿದಿದೆ ಎಂಬುದನ್ನು ಹೇಳಲಾರದು. ಒಟ್ಟಿನಲ್ಲಿ ಈ ಪರೀಕ್ಷೆಗಳು ರೋಗಿಯು ಹೇಳುವ ನೋವನ್ನು ವೈದ್ಯನ ಇಚ್ಛೆಯಂತೆ ಎಬ್ಬಿಸಿ ಕೇಳುವ ಉಪಾಯಗಳು. ಸಾಕ್ಷಿ ಮಾತ್ರ ಹಳೆಯದೇ.

೪

ಈ ಸಾಕ್ಷಿಯನ್ನು ಶಾಸ್ತ್ರೀಯವಾಗಿ ಪರೀಕ್ಷೆಗೆ ಗುರಿಮಾಡಿದ್ದು ೧೯೬೩ರಲ್ಲಿ. ಅಮೆರಿಕದ ಸೆಲ್ಟ್ಸರ್, ಬೆಂಡರ್, ಜಿಯಾಂಟ್ಸ್ ಎಂಬ ಮೂವರು ಹಲ್ಲುಗಳನ್ನು ಕೀಳುವ ಮೊದಲು ನೋವಿನ ವೃತ್ತಾಂತವನ್ನೂ ಪರೀಕ್ಷೆಗಳ ಫಲವನ್ನೂ ಬರೆದಿಟ್ಟು, ಕಿತ್ತ ಮೇಲೆ ತಿರುಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡನ್ನೂ ಹೋಲಿಸಿದರು. ಹೊರಗಿನ ಲಕ್ಷಣಗಳಿಗೂ ಒಳಗಿನ ಸ್ಥಿತಿಗೂ ನಿಕಟವಾದ ಸಂಬಂಧ ಕಾಣಲಿಲ್ಲ. ತಿರುಳು ಬಹಳ ಕೆಟ್ಟಿದ್ದರೂ ನೋವಿಲ್ಲದ ಹಲ್ಲುಗಳಿದ್ದವು. ಈ ಲೇಖನವು ಮುಂದಿನ ಅರ್ಧಶತಮಾನದ ಬೋಧನೆಯ ಮೇಲೆ ದೊಡ್ಡ ಪರಿಣಾಮವನ್ನು ಮಾಡಿತು.

ಎರಡು ವರ್ಷಗಳ ತರುವಾಯ, ೧೯೬೫ರಲ್ಲಿ, ಕಾಕೆಹಾಶಿ, ಸ್ಟಾನ್ಲಿ, ಫಿಟ್ಜ್‌ಜೆರಾಲ್ಡ್ ಇವರು ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತುಹೋಯಿತು. ಹುಟ್ಟಿನಿಂದ ಯಾವ ಸೂಕ್ಷ್ಮಜೀವಿಯ ಸೋಂಕೂ ಇಲ್ಲದಂತೆ ಸಾಕಿದ ಇಲಿಗಳಲ್ಲಿಯಾದರೋ, ತೆರೆದ ಗಾಯದ ಮೇಲೆ ಹೊಸ ಡೆಂಟಿನ್ನಿನ ಸೇತುವೆ ಕಟ್ಟಿ ತಿರುಳು ಬದುಕಿತು. ತಿರುಳು ದುರ್ಬಲವಾದ ಅಂಗವೆಂಬ ಹಳೆಯ ಅಭಿಪ್ರಾಯವು ಇದರಿಂದ ಸಡಿಲವಾಯಿತು. ಸೋಂಕನ್ನು ತಡೆದರೆ ಅದು ತನ್ನನ್ನು ತಾನು ಸರಿಪಡಿಸಿಕೊಳ್ಳಬಲ್ಲದು.

ಈ ಎರಡು ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಂಕಟವು ಸ್ಪಷ್ಟವಾಗುತ್ತದೆ. ಗುಣವಾಗಬಲ್ಲ ತಿರುಳುಗಳಿವೆಯೆಂದು ಒಂದು ಹೇಳುತ್ತದೆ. ಅವು ಯಾವುವೆಂದು ನೋವಿನಿಂದ ಅರಿಯಲಾಗದೆಂದು ಇನ್ನೊಂದು ಹೇಳುತ್ತದೆ. ತಪ್ಪು ನಿರ್ಣಯಕ್ಕೆ ಎರಡು ಕಡೆಯೂ ದಂಡವಿದೆ. ಗುಣವಾಗಬಲ್ಲ ತಿರುಳನ್ನು ಕೆಟ್ಟಿತೆಂದು ತೆಗೆದುಹಾಕಿ ಬೇರಿನ ನಾಳವನ್ನು ತುಂಬಿದರೆ, ಜನರು ರೂಟ್ ಕೆನಾಲ್ ಎನ್ನುವ ಆ ಚಿಕಿತ್ಸೆಯಿಂದ ಹಲ್ಲು ಉಳಿಯುತ್ತದೆ, ಆದರೆ ಅದರ ಜೀವ ಹೋಗುತ್ತದೆ. ಕೆಟ್ಟ ತಿರುಳನ್ನು ಒಳ್ಳೆಯದೆಂದು ಮುಚ್ಚಿದರೆ ಕೆಲವು ಕಾಲದ ಮೇಲೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ.

೨೦೦೯ರಲ್ಲಿ ಅಮೆರಿಕದ ಬೇರುನಾಳ ಚಿಕಿತ್ಸಕರ ಸಂಘವು ಪಾರಿಭಾಷಿಕ ಶಬ್ದಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಂತೆ ಉರಿಯೂತವು ಹಿಂದಿರುಗುವುದು, ಹಿಂದಿರುಗದುದು ಎಂದು ಎರಡು ಬಗೆ. ಎರಡನೆಯದರಲ್ಲಿ ನೋವುಳ್ಳದ್ದು, ನೋವಿಲ್ಲದ್ದು ಎಂದು ಮತ್ತೆರಡು. ಭಾಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ವಿಚಿತ್ರವಾದ ಹೆಸರಿಡುವಿಕೆ. ಹಿಂದಿರುಗುವುದು, ಹಿಂದಿರುಗದುದು ಎಂಬ ಮಾತುಗಳು ಮುಂದೆ ಆಗುವುದನ್ನು ಹೇಳುತ್ತವೆ. ಅವಕ್ಕೆ ಕೊಟ್ಟ ಲಕ್ಷಣವಾದರೋ ಇಂದಿನ ನೋವು. ಇಂದಿನ ಲಕ್ಷಣಕ್ಕೆ ಭವಿಷ್ಯದ ಹೆಸರನ್ನಿಟ್ಟರೆ ಹೆಸರೇ ತೀರ್ಪಾಗಿಬಿಡುತ್ತದೆ. ೨೦೧೨ರಲ್ಲಿ ಸ್ವೀಡನ್ನಿನ ವಿದ್ವಾಂಸರು ಅದುವರೆಗಿನ ಅಧ್ಯಯನಗಳನ್ನು ಒರೆಗೆ ಹಚ್ಚಿ, ನೋವಿನ ಇರವು, ಬಗೆ, ಕಾಲ ಇವುಗಳಿಂದ ಉರಿಯೂತದ ವ್ಯಾಪ್ತಿಯನ್ನು ನಿಖರವಾಗಿ ಅರಿಯಬಹುದೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಪ್ರಕಟಿಸಿದರು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷವುಂಟು. ೨೦೧೪ರಲ್ಲಿ ರಿಕೂಚ್ಚಿ, ಲೋಗಿನ್, ಸಿಕೇರ ಇವರು ೯೫ ಹಲ್ಲುಗಳನ್ನು ಪರೀಕ್ಷಿಸಿದರು. ತಿರುಳು ಆರೋಗ್ಯವಾಗಿದೆ ಅಥವಾ ಹಿಂದಿರುಗಬಲ್ಲ ಉರಿಯೂತವಿದೆ ಎಂದು ಹೇಳಿದ ೫೯ ಹಲ್ಲುಗಳಲ್ಲಿ ೫೭ರಲ್ಲಿ ಸೂಕ್ಷ್ಮದರ್ಶಕದ ತೀರ್ಪೂ ಅದೇ ಆಗಿತ್ತು. ಹಿಂದಿರುಗದು ಎಂದು ಹೇಳಿದ ೩೨ರಲ್ಲಿ ೨೭ ಸರಿಯಾಗಿದ್ದವು. ಇದು ೧೯೬೩ರ ಫಲಕ್ಕೆ ವಿರುದ್ಧವೆಂದು ಮೇಲುನೋಟಕ್ಕೆ ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ವಿರೋಧವಿಲ್ಲ. ಮೊದಲಿನವರು ತಿರುಳಿನ ಸ್ಥಿತಿಗಳನ್ನು ಹಲವು ಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರತಿಯೊಂದು ಮೆಟ್ಟಿಲನ್ನೂ ಹೊರಗಿನ ಲಕ್ಷಣಗಳು ಹೇಳಲೆಂದು ಬಯಸಿದರು. ಎರಡನೆಯವರು ತಿರುಳಿನಲ್ಲಿ ಸತ್ತ ಭಾಗವೂ ಅಲ್ಲಿ ಬ್ಯಾಕ್ಟೀರಿಯವೂ ಇವೆಯೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿದರು. ದೊಡ್ಡ ಪ್ರಶ್ನೆಗೆ ನೋವು ಒಪ್ಪುವ ಉತ್ತರವನ್ನು ಕೊಡುತ್ತದೆ. ಸಣ್ಣ ಪ್ರಶ್ನೆಗಳಿಗೆ ಕೊಡಲಾರದು. ಆದರೂ ಆ ೩೨ರಲ್ಲಿ ಉಳಿದ ೫ ಹಲ್ಲುಗಳನ್ನು ಮರೆಯಲಾಗದು. ಅವುಗಳ ತಿರುಳಿಗೆ ಅನ್ಯಾಯವಾಗಿ ಮರಣದ ತೀರ್ಪು ಬಂದಿತ್ತು. ಜೀನುಗಳ ಪರೀಕ್ಷೆಯ ಆಸೆ ಹುಟ್ಟುವುದು ಅಂಥ ಹಲ್ಲುಗಳಿಗಾಗಿಯೇ.

೫

ಜೀನುಗಳ ಅಭಿವ್ಯಕ್ತಿಯೆಂದರೇನು ಎಂಬುದನ್ನು ಸಾಹಿತ್ಯದ ವಾಚಕರಿಗೆ ಒಂದು ಹೋಲಿಕೆಯಿಂದ ತಿಳಿಸಬಹುದು. ಒಂದು ಮಠದ ಭಂಡಾರದಲ್ಲಿ ಸಾವಿರಾರು ಓಲೆಗ್ರಂಥಗಳಿವೆಯೆಂದು ಇಟ್ಟುಕೊಳ್ಳೋಣ. ಭಂಡಾರದ ಪಟ್ಟಿಯಿಂದ ಆ ಮಠದಲ್ಲಿ ಇಂದು ಏನು ನಡೆಯುತ್ತಿದೆಯೆಂಬುದು ತಿಳಿಯದು. ಲಿಪಿಕಾರರು ಈ ದಿನ ಯಾವ ಗ್ರಂಥದ ಪ್ರತಿಯನ್ನು ಎಷ್ಟು ಮಾಡುತ್ತಿದ್ದಾರೆಂದು ನೋಡಿದರೆ ತಿಳಿಯುತ್ತದೆ. ದೇಹದ ಹೆಚ್ಚುಕಡಮೆ ಎಲ್ಲ ಕೋಶಗಳಲ್ಲಿಯೂ ಒಂದೇ ಜೀನುಸಂಗ್ರಹವಿದೆ. ಆಯಾ ಹೊತ್ತಿಗೆ ಬೇಕಾದ ಜೀನುಗಳಿಗೆ ಮಾತ್ರ ಆರ್‌ಎನ್‌ಎ ಎಂಬ ಪ್ರತಿಗಳು ಹೊರಡುತ್ತವೆ. ಈ ಸಂದೇಶವಾಹಕ ಆರ್‌ಎನ್‌ಎಯ ಕೆಲಸವು ೧೯೬೧ರಲ್ಲಿ ಸ್ಥಾಪಿತವಾಯಿತು. ೧೯೯೫ರಲ್ಲಿ ಸ್ಟ್ಯಾನ್‌ಫರ್ಡಿನ ಶೇನ ಮೊದಲಾದವರು ಗಾಜಿನ ಹಲಗೆಯ ಮೇಲೆ ಜೀನುಗಳ ತುಣುಕುಗಳನ್ನು ಸಾಲಾಗಿ ಅಂಟಿಸಿ, ಒಂದು ಸಸ್ಯದ ೪೫ ಜೀನುಗಳ ಪ್ರತಿಗಳನ್ನು ಒಮ್ಮೆಗೇ ಅಳೆದರು. ಬಣ್ಣ ಹಚ್ಚಿದ ಪ್ರತಿಗಳು ತಮ್ಮ ಮೂಲವನ್ನು ಹುಡುಕಿ ಅಂಟಿಕೊಳ್ಳುತ್ತವೆ. ಹೆಚ್ಚು ಪ್ರತಿಗಳಿದ್ದ ಕಡೆ ಹೆಚ್ಚು ಬೆಳಕು ಕಾಣುತ್ತದೆ. ಮೈಕ್ರೊಅರೇ ಎಂಬ ಈ ವಿಧಾನವು ಹತ್ತು ವರ್ಷಗಳೊಳಗೆ ಹಲ್ಲಿನ ತಿರುಳಿಗೂ ಬಂದಿತು.

೨೦೦೫ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮೆಕ್‌ಲ್ಯಾಕ್‌ಲನ್, ಕೂಪರ್ ಮೊದಲಾದವರು ಆರೋಗ್ಯವಾದ ಹಲ್ಲುಗಳ ತಿರುಳನ್ನೂ ಹುಳುಕುಹಲ್ಲುಗಳ ತಿರುಳನ್ನೂ ಹೋಲಿಸಿದರು. ೪೪೫ ಜೀನುಗಳಲ್ಲಿ ಎರಡು ಪಟ್ಟು ಅಥವಾ ಅದಕ್ಕೂ ಮಿಗಿಲಾದ ಅಂತರ ಕಂಡಿತು. ಅವುಗಳಲ್ಲಿ ೩೬೦ ರೋಗದಲ್ಲಿ ಹೆಚ್ಚಾಗಿದ್ದವು, ೮೫ ಆರೋಗ್ಯದಲ್ಲಿ ಹೆಚ್ಚಾಗಿದ್ದವು. ೨೦೧೬ರಲ್ಲಿ ಗಲಿಸಿಯ, ಖಾನ್ ಮೊದಲಾದವರು ಹಿಂದಿರುಗದ ಉರಿಯೂತವೆಂದು ನಿರ್ಣಯವಾದ ೨೦ ತಿರುಳುಗಳನ್ನೂ, ಬೇರೆ ಕಾರಣಗಳಿಗಾಗಿ ಕಿತ್ತ ಹಲ್ಲುಗಳ ೨೦ ಆರೋಗ್ಯವಾದ ತಿರುಳುಗಳನ್ನೂ ಹೋಲಿಸಿದರು. ಸಾವಿರಾರು ಜೀನುಗಳನ್ನು ಕೇವಲ ೪೦ ಮಾದರಿಗಳಲ್ಲಿ ಅಳೆದಾಗ ಆಕಸ್ಮಿಕವಾಗಿಯೇ ಎಷ್ಟೋ ಅಂತರಗಳು ಕಾಣುವ ಸಂಭವವಿದೆ. ಆದಕಾರಣ ಅಂಥ ಹುಸಿ ಫಲಗಳು ನೂರಕ್ಕೆ ಐದನ್ನು ಮೀರದಂತೆ ಅವರು ಗಣಿತದ ಕಟ್ಟನ್ನು ಹಾಕಿಕೊಂಡರು. ದೇಹರಕ್ಷಣೆಯ ಜೀನುಗಳು, ಉರಿಯೂತದ ಸಂದೇಶಗಳನ್ನು ಒಯ್ಯುವ ಸೈಟೊಕೈನುಗಳ ಜೀನುಗಳು, ಕೋಶಗಳು ಪರಸ್ಪರ ಹಿಡಿದುಕೊಳ್ಳಲು ಬೇಕಾದವುಗಳ ಜೀನುಗಳು ರೋಗದಲ್ಲಿ ಹೆಚ್ಚಾಗಿದ್ದವು. ಅಷ್ಟೇ ಅಲ್ಲದೆ, ನೋವಿಲ್ಲದ ಅಥವಾ ಅಲ್ಪ ನೋವಿನ ರೋಗಿಗಳಿಗೂ ಮಧ್ಯಮ ಅಥವಾ ತೀವ್ರ ನೋವಿನ ರೋಗಿಗಳಿಗೂ ನಡುವೆ, ನೋವನ್ನೂ ಉರಿಯೂತವನ್ನೂ ಹೆಚ್ಚಿಸುವ ಇಲ್ಲವೆ ತಗ್ಗಿಸುವ ಕೆಲವು ಜೀನುಗಳಲ್ಲಿ ಭೇದ ಕಂಡಿತು. ನೋವೆಂಬುದು ರೋಗಿಯ ಬಾಯಿಮಾತು ಮಾತ್ರವಲ್ಲ, ಅದಕ್ಕೆ ತಿರುಳಿನೊಳಗೇ ಬರಹದ ಆಧಾರವಿದೆಯೆಂದು ಇದರಿಂದ ತೋರುತ್ತದೆ. ಇದು ಸಾಮಾನ್ಯವಾದ ಸಾಧನೆಯಲ್ಲ.

೬

ಆದರೂ ಈ ವಿಧಾನವನ್ನು ನಿದಾನದ ಕೊನೆಯ ಮಾತೆಂದು ಒಪ್ಪುವ ಮೊದಲು ಮೂರು ಆಕ್ಷೇಪಗಳನ್ನು ವಿಚಾರಿಸಬೇಕು.

ಮೊದಲನೆಯದು ಚಕ್ರಕದೋಷ. ಯಾವ ತಿರುಳನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಗೊತ್ತುಮಾಡಿದ್ದು ಹಳೆಯ ನಿದಾನವೇ, ಎಂದರೆ ನೋವಿನ ವೃತ್ತಾಂತವೂ ತಣ್ಣನೆಯ ಪರೀಕ್ಷೆಯೂ. ನೋವಿನ ಗುಂಪುಗಳನ್ನು ಬೇರ್ಪಡಿಸಿದ್ದು ರೋಗಿಯೇ ಒಂದು ರೇಖೆಯ ಮೇಲೆ ಮಾಡಿದ ಗುರುತು. ೩೦ ಮಿಲಿಮೀಟರು ಅಲ್ಲಿಯ ಎಲ್ಲೆ. ಯಾವ ಸಾಕ್ಷಿಯು ತಪ್ಪಬಹುದೆಂಬ ಸಂದೇಹದಿಂದ ಹೊಸ ಸಾಕ್ಷಿಯನ್ನು ಕರೆದೆವೋ, ಆ ಹಳೆಯ ಸಾಕ್ಷಿಯ ಮಾತಿನಿಂದಲೇ ಹೊಸದಕ್ಕೆ ಪಾಠವಾಗಿದೆ. ಪಾಠಾಂತರಗಳಲ್ಲಿ ಯಾವುದು ಶುದ್ಧವೆಂದು ಮೊದಲೇ ತೀರ್ಮಾನಿಸಿಕೊಂಡು ಓಲೆಗಳನ್ನು ವಿಂಗಡಿಸಿದಂತೆ ಇದು. ಈ ದೋಷವು ತೊಲಗಬೇಕಾದರೆ ಜೀನುಗಳ ಫಲವನ್ನು ನೋವಿನೊಡನೆ ಹೋಲಿಸದೆ, ಚಿಕಿತ್ಸೆಯ ತರುವಾಯ ತಿರುಳು ಬದುಕಿತೇ ಇಲ್ಲವೇ ಎಂಬುದರೊಡನೆ ಹೋಲಿಸಬೇಕು.

ಎರಡನೆಯ ಆಕ್ಷೇಪ ಪ್ರಯೋಗಕ್ಕೆ ಸಂಬಂಧಪಟ್ಟದ್ದು. ಈ ಅಧ್ಯಯನಗಳಲ್ಲಿ ತಿರುಳನ್ನು ತೆಗೆದ ಮೇಲೆಯೇ ಅದರ ಆರ್‌ಎನ್‌ಎಯನ್ನು ಅಳೆಯುವುದು. ತೆಗೆಯಬೇಕೇ ಎಂದು ತಿಳಿಯಲು ತೆಗೆದು ನೋಡಬೇಕಾದರೆ ಆ ತಿಳಿವಳಿಕೆಯಿಂದ ಆ ಹಲ್ಲಿಗೆ ಪ್ರಯೋಜನವಿಲ್ಲ.

ಮೂರನೆಯದು ಸರಾಸರಿಯ ದೋಷ. ಕಿರೀಟಭಾಗದ ಒಂದು ಮೂಲೆಯಲ್ಲಿ ತಿರುಳು ಸತ್ತಿದ್ದರೂ ಬೇರುಗಳೊಳಗೆ ಆರೋಗ್ಯವಾಗಿರುವುದುಂಟು. ಇಡೀ ತಿರುಳನ್ನು ಅರೆದು ಅಳೆದರೆ ಸತ್ತುದರ ದನಿಯೂ ಬದುಕಿದುದರ ದನಿಯೂ ಬೆರೆತುಹೋಗುತ್ತವೆ.

ಈ ಆಕ್ಷೇಪಗಳಿಗೆ ಉತ್ತರವನ್ನು ಹುಡುಕುತ್ತ ಸಂಶೋಧಕರು ತಿರುಳನ್ನು ಬಿಟ್ಟು, ಅದರಿಂದ ಒಸರುವ ದ್ರವವನ್ನೂ ಅದರ ರಕ್ತವನ್ನೂ ಹಿಡಿದರು. ಉರಿಯೂತದ ಸಂದರ್ಭದಲ್ಲಿ ಬಿಳಿಯ ರಕ್ತಕಣಗಳು ಎಂಎಂಪಿ-೯ ಎಂಬ, ಅಂಗಾಂಶವನ್ನು ಕರಗಿಸುವ ಕಿಣ್ವವನ್ನು ಬಿಡುತ್ತವೆ. ೨೦೧೧ರಲ್ಲಿ ಜ್ಯೂರಿಕ್ಕಿನ ತ್ಸೇಂಡರ್ ಮೊದಲಾದವರು ಡೆಂಟಿನ್ನಿನ ದ್ರವದಲ್ಲಿ ಅದನ್ನು ಅಳೆಯುವ ಪ್ರಯತ್ನವನ್ನು ಮಾಡಿದರು. ಈ ದಾರಿಯಲ್ಲಿ ಮುಂದುವರಿದ ಕೆಲಸದಲ್ಲಿ ಕರ್ನಾಟಕಕ್ಕೂ ಪಾಲಿದೆಯೆಂಬುದು ಸಂತೋಷದ ಮಾತು. ಮಣಿಪಾಲದ ದಂತವೈದ್ಯ ವಿದ್ಯಾಲಯದ ಬಲ್ಲಾಳ್ ಮೊದಲಾದವರು ತ್ಸೇಂಡರ್, ಡಂಕನ್ ಇವರೊಡನೆ ಕೂಡಿ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಳುಕನ್ನು ತೆಗೆಯುವಾಗ ತೆರೆದ ತಿರುಳಿನ ರಕ್ತದಲ್ಲಿ ಈ ಕಿಣ್ವವನ್ನು ಅಳೆದು, ತಿರುಳನ್ನು ಮುಚ್ಚಿ, ಅದು ಬದುಕಿತೇ ಎಂದು ಕಾದು ನೋಡಿದರು. ಕಿಣ್ವ ಹೆಚ್ಚಾಗಿದ್ದಲ್ಲಿ ಫಲ ಕೆಡುವ ಸಂಭವ ಹೆಚ್ಚಾಗಿತ್ತು; ಸೋಡಿಯಂ ಹೈಪೊಕ್ಲೋರೈಟಿನಿಂದ ತೊಳೆದಲ್ಲಿ ಫಲ ಉತ್ತಮವಾಗಿತ್ತು. ಇಲ್ಲಿ ಅಳೆದದ್ದು ಜೀನಿನ ಪ್ರತಿಯನ್ನಲ್ಲ, ಆ ಪ್ರತಿಯಂತೆ ತಯಾರಾದ ವಸ್ತುವನ್ನು. ಆದರೆ ಮೇಲೆ ಹೇಳಿದ ಮೊದಲನೆಯ ಆಕ್ಷೇಪಕ್ಕೆ ಸರಿಯಾದ ಉತ್ತರದ ಮಾದರಿ ಇದರಲ್ಲಿದೆ. ಇಲ್ಲಿ ಹೊಸ ಸಾಕ್ಷಿಯನ್ನು ಹಳೆಯ ಸಾಕ್ಷಿಯೊಡನೆ ಹೋಲಿಸಲಿಲ್ಲ. ಮುಂದೆ ನಡೆದುದರೊಡನೆ ಹೋಲಿಸಿದರು.

ಈ ನಡುವೆ ಶಬ್ದಗಳೂ ಬದಲಾಗತೊಡಗಿವೆ. ೨೦೧೭ರಲ್ಲಿ ವೋಲ್ಟರ್ಸ್ ಮೊದಲಾದವರು ಹಿಂದಿರುಗದು ಎಂಬ ಮಾತನ್ನು ಬಿಟ್ಟು, ಆರಂಭದ, ಅಲ್ಪ, ಮಧ್ಯಮ, ತೀವ್ರ ಎಂಬ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿ, ಪ್ರತಿಯೊಂದಕ್ಕೂ ತಿರುಳನ್ನು ಆದಷ್ಟು ಉಳಿಸುವ ಚಿಕಿತ್ಸೆಯನ್ನು ಹೇಳಿದರು. ೨೦೧೯ರಲ್ಲಿ ಯೂರೋಪಿನ ಸಂಘವೂ ೨೦೨೧ರಲ್ಲಿ ಅಮೆರಿಕದ ಸಂಘವೂ ಜೀವಂತ ತಿರುಳಿನ ರಕ್ಷಣೆಯನ್ನು ಕುರಿತು ತಮ್ಮ ನಿಲುವನ್ನು ಪ್ರಕಟಿಸಿದವು. ಹೆಸರೇ ತೀರ್ಪಾಗುವುದನ್ನು ತಪ್ಪಿಸಬೇಕೆಂಬ ಪ್ರಯತ್ನವು ವೋಲ್ಟರ್ಸ್ ಮೊದಲಾದವರ ಸೂಚನೆಯಲ್ಲಿ ಕಂಡುಬರುತ್ತದೆ; ಅದರಿಂದ ಉಳಿಯುವ ತಿರುಳುಗಳ ಸಂಖ್ಯೆ ಹೆಚ್ಚುವುದೇ ಎಂಬುದು ಇಷ್ಟರಿಂದಲೇ ತೀರ್ಮಾನವಾಗದು.

೭

ಇದುವರೆಗೆ ಹೇಳಿದುದನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ನೋವು ಸುಳ್ಳುಸಾಕ್ಷಿಯಲ್ಲ, ಆದರೆ ಅದು ಎಲ್ಲವನ್ನೂ ಕಂಡ ಸಾಕ್ಷಿಯೂ ಅಲ್ಲ. ನಿಮಿತ್ತವುಳ್ಳ ನೋವಿಗೂ ನಿಮಿತ್ತವಿಲ್ಲದ ನೋವಿಗೂ ಇರುವ ಭೇದವನ್ನು ಸುಶ್ರುತ ವಾಗ್ಭಟರು ಹಿಡಿದದ್ದು ಇಂದಿಗೂ ಊರ್ಜಿತವಾಗಿದೆ. ವಿದ್ಯುತ್ತು, ಎಕ್ಸ್‌ರೇ, ಸೂಕ್ಷ್ಮದರ್ಶಕ, ಜೀನುಗಳ ಅಭಿವ್ಯಕ್ತಿ ಇವೆಲ್ಲ ಆ ಭೇದವನ್ನು ಅಳಿಸಲಿಲ್ಲ. ಅದರ ಎಲ್ಲೆಯನ್ನು ತೋರಿಸಿದವು. ಜೀನುಗಳ ಅಧ್ಯಯನವು ತಿರುಳಿನೊಳಗೆ ಯಾವ ಬರಹ ನಡೆಯುತ್ತಿದೆಯೆಂದು ತಿಳಿಸಿತು. ಆ ಬರಹದ ಯಾವ ಸಾಲು ಬದುಕನ್ನು ಹೇಳುತ್ತದೆ, ಯಾವುದು ಸಾವನ್ನು ಹೇಳುತ್ತದೆ ಎಂದು ಓದುವ ವಿದ್ಯೆ ಇನ್ನೂ ಬೆಳೆಯಬೇಕಾಗಿದೆ.

ಅಚಲವಾದುದನ್ನು ಉಳಿಸು, ಚಲವಾದುದನ್ನು ಕೀಳು ಎಂದು ಸುಶ್ರುತನು ಹೇಳಿದಾಗ ಅವನ ಕೈಗೆ ಸಿಕ್ಕಿದ್ದ ಪರೀಕ್ಷೆ ಬೆರಳಿನಿಂದ ಹಲ್ಲನ್ನು ಅಲುಗಿಸಿ ನೋಡುವುದು. ಇಂದು ಕೈಗೆ ಸಿಕ್ಕಿರುವುದು ಒಂದು ಹನಿ ರಕ್ತದಲ್ಲಿರುವ ಕಿಣ್ವ. ಉಳಿಸಬಹುದೇ ಎಂಬ ಪ್ರಶ್ನೆ ಮಾತ್ರ ಅಂದಿನದೇ ಆಗಿದೆ.